ಆವರಣದೊಳಗೆ

ರಾಕ್‌ಫರ್ಡ್‌ನಲ್ಲಿ ರಾತ್ರಿ ಪಾಳಿ ಹತ್ತೂವರೆಗೆ.
ನದಿಯ ಮೇಲೆ ಮಂಜುಗಡ್ಡೆ, ಸೇತುವೆಯ ಮೇಲೆ ಉಪ್ಪು,
ಒಳಗೆ ಬಂದರೆ ಕೂಲಂಟಿನ ಹುಳಿವಾಸನೆ,
ನಿನ್ನೆಯ ಮಜ್ಜಿಗೆಗೆ ಯಾರೋ ಸೀಮೆಎಣ್ಣೆ ಬೆರೆಸಿದ ಹಾಗೆ.

ಈ ಮಿಲ್ಲಿಂಗ್ ಯಂತ್ರಕ್ಕೆ ಗೊತ್ತಿರುವ ಭಾಷೆ
ಅಂಗೈಯಲ್ಲಿ ಹಿಡಿಯುವಷ್ಟು.
ಜಿ ಸೊನ್ನೆ ಅಂದರೆ ಓಡು.
ಜಿ ಒಂದು ಅಂದರೆ ಕೊರೆಯುತ್ತ ನಡೆ.
ಎರಡು, ಗಡಿಯಾರದ ಮುಳ್ಳಿನಂತೆ ಬಾಗು; ಮೂರು, ಮುಳ್ಳಿಗೆ ಎದುರಾಗಿ.
ನಾಲ್ಕು ಅಂದರೆ ನಿಲ್ಲು,
ಇದ್ದಲ್ಲೇ, ಇಷ್ಟು ಸೆಕೆಂಡು.

ನಮ್ಮಲ್ಲಿ ಕ್ರಿಯಾಪದ ಕೊನೆಗೆ.
ಮಾತು ಮುಗಿಯುವವರೆಗೂ ಕೇಳುವವಳಿಗೆ ಗೊತ್ತಾಗದು
ಕೊಟ್ಟರೋ ಕಸಿದರೋ.
ಇಲ್ಲಿ ಮೊದಲು ಹೋಗು, ಆಮೇಲೆ ಎಲ್ಲಿಗೆ.
ಒಮ್ಮೆ ಹೇಳಿದ್ದು ಇನ್ನೊಂದು ಹೇಳುವ ತನಕ ಜಾರಿ,
ಸಿಟ್ಟಲ್ಲಿ ಹಾಕಿ ಮರೆತ ಆಣೆಯಂತೆ.
ಬಹುದು ಇಲ್ಲ. ಬೇಕಿತ್ತು ಇಲ್ಲ.
ಅಂತೆ ಎಂಬುದು ಇಲ್ಲವೇ ಇಲ್ಲ.
ಐದರ ಮುಂದೆ ಚುಕ್ಕಿ ಮರೆತರೆ
ಐದು ಇಂಚು ಕೂದಲಿಗಿಂತ ತೆಳ್ಳಗೆ;
ಬರೆದವಳ ಮನಸ್ಸಲ್ಲಿ ಏನಿತ್ತೆಂದು ಯಂತ್ರ ಕೇಳುವುದಿಲ್ಲ.

ಆದರೆ ಆವರಣವಿದೆ.
ಎರಡು ಬಾಗಿದ ಗೆರೆಗಳ ನಡುವೆ ಏನು ಬರೆದರೂ
ದಾಟಿಕೊಂಡು ಹೋಗುತ್ತದೆ,
ಒಗ್ಗರಣೆಯ ಕರಿಬೇವನ್ನು ಎಲೆಯ ಬದಿಗೆ ಸರಿಸಿದಂತೆ.

ಫೆಬ್ರವರಿಯಲ್ಲಿ ಹಳೆಯ ಪಂಪೊಂದರ ಬಿಡಿಭಾಗಕ್ಕೆ ಆರ್ಡರು ಬಂತು.
ನಲವತ್ತು ತುಂಡು. ಸಾವಿರದ ನೂರ ನಲವತ್ತೇಳನೇ ಪ್ರೋಗ್ರಾಂ.
ಬರೆದವಳು ಥೈರಾ ಸೋಡರ್‌ಬರ್ಗ್,
ಕಾಗದದ ಟೇಪಿಗೆ ತೂತು ಹೊಡೆಯುತ್ತಿದ್ದ ಕಾಲದವಳು.
ನಾನು ನೋಡಿಲ್ಲ. ಅವಳ ಸ್ಟೂಲು ಇದೆ,
ಒಂದು ಕಾಲು ಗಿಡ್ಡ, ಅಡಿಗೊಂದು ವಾಷರು.

ಅವಳ ಆವರಣಗಳಲ್ಲಿ:
ಎಡ ದವಡೆ ಹೆಚ್ಚು ಕಚ್ಚುತ್ತದೆ, ಒರೆಸಿ ಹಿಡಿಯಿರಿ.
ಇಲ್ಲಿ ಕಿವಿ ಕೊಡಿ. ಕೀರಲು ಬಂದರೆ ಉಳಿ ಮೊಂಡು.
ಮೂರು ಸೆಕೆಂಡು. ಕಾರಣವಿದೆ. ತೆಗೆಯಬೇಡಿ.
ಮತ್ತೊಂದು ಕಡೆ, ಹಿಂದುಮುಂದಿಲ್ಲದೆ:
ಇವತ್ತು ಅಪ್ಪನಿಗೆ ನನ್ನ ಹೆಸರು ನೆನಪಾಯಿತು.

ಹಗಲು ಪಾಳಿಯ ಮಕೆಲ್ವಿ ಒಳ್ಳೆಯ ಹುಡುಗ.
ಹಳೆಯ ಕಂಟ್ರೋಲಿನಲ್ಲಿ ಜಾಗ ಸಾಲದೆಂದು
ಆವರಣಗಳನ್ನೆಲ್ಲ ಗುಡಿಸಿದ್ದ. ಮೂರು ಸೆಕೆಂಡನ್ನೂ.
ನಲವತ್ತು ತುಂಡಿಗೆ ಎರಡು ನಿಮಿಷ ಉಳಿತಾಯ ಎಂದು
ಹಳದಿ ಚೀಟಿ, ಪಕ್ಕದಲ್ಲಿ ನಗುವ ಮುಖ.

ಮೊದಲ ತುಂಡು ಹೊರಗೆ ಬಂತು.
ಕುಳಿಯ ತಳದಲ್ಲಿ ಒಂದು ಮೆಟ್ಟಿಲು,
ಕಣ್ಣಿಗೆ ಕಾಣದ್ದು, ಉಗುರಿಗೆ ಸಿಕ್ಕಿತು.
ದಾವಣಗೆರೆಯ ಐಟಿಐನಲ್ಲಿ ಅರ ಉಜ್ಜಿ ಕಲಿತ ಉಗುರು.

ಇಳಿದ ಉಳಿ ತಳ ಮುಟ್ಟಿ, ನಿಂತು,
ಇನ್ನೊಂದಷ್ಟು ಸುತ್ತು ತಿರುಗಬೇಕು.
ಬಂದ ಕೂಡಲೇ ಎದ್ದು ಹೊರಟ ನೆಂಟರಂತೆ ಹೊರಟರೆ
ಕೂತ ಗುರುತು ಉಳಿಯುತ್ತದೆ.

ಡ್ರಾಯರಿನ ತಳದಲ್ಲಿ ಅವಳ ಹಾಳೆ,
ಎಣ್ಣೆ ಕುಡಿದು ದೋಸೆ ಸುತ್ತಿದ ಕಾಗದದಂತಾದದ್ದು.
ಊಟದ ಅರ್ಧ ಗಂಟೆ ಒಂದೊಂದೇ ಕೀಲಿ ಒತ್ತಿ
ದವಡೆಯನ್ನು, ಕೀರಲನ್ನು, ಕಾರಣವನ್ನು ಮರಳಿ ಕೂರಿಸಿದೆ.
ಅಪ್ಪನನ್ನೂ.
ಜಾಗ ಸಾಕಾಯಿತು. ಮೂವತ್ತು ಅಕ್ಷರ ಮಿಕ್ಕಿತು.

ಹಸಿರು ಗುಂಡಿ. ಉಳಿ ಇಳಿಯಿತು. ನಿಂತಿತು.
ಮೂರನೆಯ ಸೆಕೆಂಡಿನಲ್ಲಿ ಅದರ ದನಿ ಇಳಿಯಿತು,
ಮಡಿಲ ಮಗು ನಿದ್ದೆಗೆ ಜಾರುವಾಗ
ಉಸಿರು ಹಾದಿ ಬದಲಿಸುವಂತೆ.
ಥೈರಾ ಇದನ್ನು ಬರೆದಿಲ್ಲ.

ಬರೆದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಕನ್ನಡ,
ದೀರ್ಘವಿಲ್ಲ, ಳ ಲ ಎರಡಕ್ಕೂ ಒಂದೇ ಗತಿ,
ಈ ಊರಲ್ಲಿ ಓದುವವರಾರೋ:
ಮೂರರಲ್ಲಿ ದನಿ ಇಳಿಯುತ್ತದಂತೆ.
ಎರಡು ಆವರಣ ಸೇರಿ ಸರಿಯಾಗಿ ಮೂವತ್ತು.

ಅಂತೆ ಯಾಕೆ ಸೇರಿಸಿದೆ?
ನಾನೇ ಕೇಳಿದ್ದು, ಈ ಎರಡು ಕಿವಿಯಾರೆ.
ಇನ್ನೂ ಮೂವತ್ತೊಂಬತ್ತು ತುಂಡಿದೆ.